ತಿಂಗಳ ಊಟ-ತಿಂಡಿ ಖರ್ಚಿಗೆ ಲೆಕ್ಕ ಇಡುವುದು ಹೇಗೆ?

ಮನೆ ಬಾಡಿಗೆ ಎಷ್ಟು ಅಂತ ಕೇಳಿದರೆ ಯಾರಾದರೂ ಥಟ್ಟನೆ ಹೇಳುತ್ತಾರೆ. ಕರೆಂಟ್ ಬಿಲ್ಲು, ಶಾಲೆಯ ಫೀಸು, ಸಾಲದ ಕಂತು ಕೂಡ ನೆನಪಿರುತ್ತವೆ. ಊಟ-ತಿಂಡಿಗೆ ತಿಂಗಳಿಗೆ ಎಷ್ಟಾಗುತ್ತದೆ ಅಂತ ಕೇಳಿ ನೋಡಿ. ಸ್ವಲ್ಪ ಯೋಚಿಸಿ ಒಂದು ಅಂದಾಜು ಹೇಳುತ್ತಾರೆ. ಹೆಚ್ಚಿನ ಸಲ ಅದು ತಿಂಗಳ ಮೊದಲಲ್ಲಿ ತಂದ ದಿನಸಿಯ ದೊಡ್ಡ ಬಿಲ್ಲಿನ ಮೊತ್ತ. ಹಾಲು, ತರಕಾರಿ, ಹಣ್ಣು, ಸಂಜೆಯ ಕುರುಕಲು, ಹೊರಗೆ ಕುಡಿದ ಕಾಫಿ, ಅಡುಗೆ ಮಾಡಲಾಗದ ದಿನ ತರಿಸಿದ ಊಟ ಅದರಲ್ಲಿ ಸೇರಿರುವುದಿಲ್ಲ.

ಇದರಲ್ಲಿ ಯಾರ ಅಸಡ್ಡೆಯೂ ಇಲ್ಲ. ಬಾಡಿಗೆಯನ್ನು ತಿಂಗಳಿಗೆ ಒಂದು ಸಲ ಕೊಡುತ್ತೇವೆ. ಊಟದ ದುಡ್ಡು ಹತ್ತಾರು ಸಲ, ಹತ್ತಾರು ಕಡೆ, ಮನೆಯ ಎಲ್ಲರ ಕೈಯಿಂದ ಸ್ವಲ್ಪ ಸ್ವಲ್ಪವಾಗಿ ಹೋಗುತ್ತದೆ. ಆದರೆ ಇಷ್ಟು ಚದುರಿದ ಖರ್ಚೇ ನಮ್ಮ ಕೈಯಲ್ಲಿ ಜಾಸ್ತಿ ಇರುವ ಖರ್ಚು ಕೂಡ. ಬಾಡಿಗೆಯನ್ನು ಈ ವಾರ ಕಡಿಮೆ ಮಾಡಲಾಗದು. ಊಟದ ಖರ್ಚನ್ನು ಈ ವಾರವೇ ಸ್ವಲ್ಪ ಆಚೀಚೆ ಮಾಡಬಹುದು. ಅದಕ್ಕೇ ಇದರ ಲೆಕ್ಕ ಸರಿಯಾಗಿರಬೇಕು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಕೊಟ್ಟ ದುಡ್ಡನ್ನೆಲ್ಲ ಕೂಡಿಸಿದ ಮಾತ್ರಕ್ಕೆ ಊಟದ ಖರ್ಚು ಸಿಗುವುದಿಲ್ಲ. ಈ ತಿಂಗಳು ಕೊಂಡದ್ದು ಬೇರೆ, ಈ ತಿಂಗಳು ತಿಂದದ್ದು ಬೇರೆ. ಲೆಕ್ಕ ಬರೆಯಲು ಶುರುಮಾಡಿದ ಎಷ್ಟೋ ಜನ ಎರಡನೇ ತಿಂಗಳಿಗೇ ಬಿಟ್ಟುಬಿಡುವುದು ಇದೇ ಕಾರಣಕ್ಕೆ. ಒಂದು ತಿಂಗಳು ಖರ್ಚು ಏರುತ್ತದೆ, ಇನ್ನೊಂದು ತಿಂಗಳು ಇಳಿಯುತ್ತದೆ, ಯಾಕೆಂದು ತಿಳಿಯುವುದಿಲ್ಲ. ಈ ಗೊಂದಲ ಬಿಡಿಸಲು ಮೂರು ಸಣ್ಣ ಲೆಕ್ಕ ಸಾಕು. ಮುಂದೆ ಒಂದೊಂದಾಗಿ ಹೇಳುತ್ತೇನೆ.

ಹಂತ 1: ಯಾವುದು ಊಟದ ಖರ್ಚು ಅಂತ ಮೊದಲೇ ತೀರ್ಮಾನಿಸಿ

ದಿನಸಿ ಬಿಲ್ಲಿನಲ್ಲಿ ಬೇಳೆಯ ಜೊತೆ ಸೋಪು, ಬಟ್ಟೆ ಪುಡಿ, ಟೂತ್‌ಪೇಸ್ಟ್ ಕೂಡ ಇರುತ್ತವೆ. ಇವನ್ನೆಲ್ಲ ಊಟದ ಖರ್ಚಿಗೆ ಸೇರಿಸಿದರೆ ಲೆಕ್ಕ ಅಲ್ಲೇ ಕೆಟ್ಟಿತು. ಬಿಲ್ ಕೈಗೆ ಬಂದ ಕೂಡಲೇ ತಿನ್ನದ ಸಾಮಾನಿನ ಮೇಲೆ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಅವುಗಳ ಮೊತ್ತವನ್ನು ಬೇರೆ ತೆಗೆದಿಡಿ. ಒಂದೆರಡು ನಿಮಿಷದ ಕೆಲಸ.

ಇನ್ನು ಊಟದ ಖರ್ಚಲ್ಲೇ ಎರಡು ಭಾಗ ಮಾಡಿ: ಮನೆಯಲ್ಲಿ ಮಾಡಿದ್ದು, ಹೊರಗಿನಿಂದ ಬಂದದ್ದು. ವಿಶ್ವಸಂಸ್ಥೆಯ ಮನೆಖರ್ಚಿನ ವರ್ಗೀಕರಣದಲ್ಲೂ ಮನೆಗೆ ಕೊಳ್ಳುವ ಆಹಾರ ಒಂದು ವಿಭಾಗದಲ್ಲಿದೆ, ಹೋಟೆಲಿನ ಊಟ ಇನ್ನೊಂದರಲ್ಲಿದೆ. ಇದಕ್ಕೆ ಒಳ್ಳೆಯ ಕಾರಣ ಇದೆ. ಹೊರಗಿನ ಊಟಕ್ಕೆ ಕೊಡುವ ದುಡ್ಡಿನಲ್ಲಿ ಅಡುಗೆಯವರ ಕೂಲಿ, ಜಾಗದ ಬಾಡಿಗೆ, ತಂದುಕೊಡುವ ಖರ್ಚು ಎಲ್ಲ ಸೇರಿರುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಬೇಳೆ ದುಬಾರಿಯಾಯಿತೋ, ಹೊರಗೆ ತಿಂದದ್ದು ಜಾಸ್ತಿಯಾಯಿತೋ ಗೊತ್ತಾಗುವುದಿಲ್ಲ. ಮನೆಗೆ ತರಿಸಿ ಮನೆಯಲ್ಲೇ ಕೂತು ತಿಂದರೂ ಅದು ಹೊರಗಿನ ಊಟವೇ.

ಕೆಲವು ಖರ್ಚುಗಳ ಬಗ್ಗೆ ಅನುಮಾನ ಬರುತ್ತದೆ. ಅಡುಗೆ ಅನಿಲ ಇದರಲ್ಲಿ ಬರುತ್ತದಾ? ಸಾಕುಪ್ರಾಣಿಯ ಆಹಾರ? ಕೆಲಸದ ಜಾಗದಲ್ಲಿ ಕುಡಿಯುವ ಚಹಾ? ಬೇರೆಯವರ ಮನೆಗೆ ಒಯ್ದ ಸಿಹಿ? ಮಕ್ಕಳ ಕೈಖರ್ಚಿನಲ್ಲಿ ತಿಂದದ್ದು? ಇಲ್ಲಿ ಹೀಗೇ ಇರಬೇಕೆಂಬ ಕಟ್ಟುನಿಟ್ಟು ಇಲ್ಲ. ನನ್ನ ಮಟ್ಟಿಗೆ ಅನಿಲ, ಸಾಕುಪ್ರಾಣಿಯ ಆಹಾರ, ಉಡುಗೊರೆ ಈ ಲೆಕ್ಕದಿಂದ ಹೊರಗಿರಲಿ. ಕೆಲಸದ ಜಾಗದ ಚಹಾ ಮತ್ತು ಮಕ್ಕಳ ತಿಂಡಿ ಹೊರಗಿನ ಊಟದ ಸಾಲಿಗೆ ಬರಲಿ. ನೀವು ಬೇರೆ ರೀತಿ ತೀರ್ಮಾನಿಸಿದರೂ ತೊಂದರೆ ಇಲ್ಲ. ಏನು ತೀರ್ಮಾನಿಸಿದಿರೋ ಅದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ನಡುವೆ ಬದಲಾಯಿಸಬೇಡಿ. ಮಾರ್ಚ್ ತಿಂಗಳಿನ ಲೆಕ್ಕ ಒಂದು ರೀತಿ, ಜುಲೈ ತಿಂಗಳಿನದು ಇನ್ನೊಂದು ರೀತಿ ಇದ್ದರೆ ಎರಡನ್ನೂ ಹೋಲಿಸಲಾಗದು.

ಹಂತ 2: ಮನೆಮಂದಿಯೆಲ್ಲ ಬರೆಯುವಂಥ ಜಾಗ ಹುಡುಕಿ

ಪುಸ್ತಕ, ಮೊಬೈಲ್ ಆ್ಯಪ್, ಸ್ಪ್ರೆಡ್‌ಶೀಟ್, ಇದರಲ್ಲಿ ಯಾವುದು ಒಳ್ಳೆಯದು ಅಂತ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ನನಗೆ ಇಲ್ಲಿ ಮುಖ್ಯವಾಗಿ ಕಾಣುವ ಪ್ರಶ್ನೆ ಒಂದೇ: ಮನೆಯಲ್ಲಿ ದುಡ್ಡು ಖರ್ಚು ಮಾಡುವ ಪ್ರತಿಯೊಬ್ಬರೂ ಅದರಲ್ಲಿ ಬರೆಯುತ್ತಾರಾ? ಒಬ್ಬರ ಮೊಬೈಲಿನಲ್ಲಿ ಮಾತ್ರ ಇರುವ ಆ್ಯಪ್‌ಗಿಂತ ಅಡುಗೆಮನೆಯ ಬಾಗಿಲಿಗೆ ಪೆನ್ನಿನ ಜೊತೆ ನೇತುಹಾಕಿದ ಪುಸ್ತಕ ಎಷ್ಟೋ ವಾಸಿ. ಎಲ್ಲರೂ ಮೊಬೈಲ್ ಬಳಸುವವರಾದರೆ ಹಂಚಿಕೊಂಡ ಸ್ಪ್ರೆಡ್‌ಶೀಟ್ ಚೆನ್ನ. ಕೂಡಿಸುವ ಕೆಲಸ ಅದೇ ಮಾಡುತ್ತದೆ.

ಬರೆಯಬೇಕಾದದ್ದು ಐದೇ: ತಾರೀಕು, ಏನು, ಯಾವ ಗುಂಪು, ಎಷ್ಟು, ಯಾರು ಕೊಟ್ಟರು. ಗುಂಪುಗಳನ್ನು ಎಂಟಕ್ಕಿಂತ ಜಾಸ್ತಿ ಮಾಡಬೇಡಿ. ಧಾನ್ಯ-ಬೇಳೆ, ಎಣ್ಣೆ-ಮಸಾಲೆ, ಹಾಲಿನ ಪದಾರ್ಥ, ತರಕಾರಿ-ಹಣ್ಣು, ಮೊಟ್ಟೆ-ಮೀನು-ಮಾಂಸ, ತಿಂಡಿ-ಪಾನೀಯ, ಹೊರಗಿನ ಊಟ, ಇಷ್ಟಿದ್ದರೆ ಸಾಕು. ನಿಮ್ಮ ಮನೆಯಲ್ಲಿ ಇಲ್ಲದ ಗುಂಪು ಬಿಟ್ಟುಬಿಡಿ. ಗುಂಪು ಇಪ್ಪತ್ತಾದರೆ ಪ್ರತಿ ಸಾಮಾನಿಗೂ ಇದು ಎಲ್ಲಿ ಸೇರುತ್ತದೆ ಅಂತ ಯೋಚಿಸಬೇಕಾಗುತ್ತದೆ, ಬೇಗ ಬೇಜಾರು ಬರುತ್ತದೆ.

ಈಗ ಎಲ್ಲರೂ ಮೊಬೈಲಿನಲ್ಲೇ ದುಡ್ಡು ಕೊಡುತ್ತಾರಲ್ಲ, ಬ್ಯಾಂಕಿನ ಸ್ಟೇಟ್‌ಮೆಂಟ್ ನೋಡಿದರೆ ಸಾಲದಾ ಅಂತ ಅನಿಸಬಹುದು. ಸಾಲದು. ಯಾರಿಗೆ ಕೊಟ್ಟಿರಿ ಅಂತ ಅದು ಹೇಳುತ್ತದೆ, ಏನು ಕೊಂಡಿರಿ ಅಂತ ಹೇಳುವುದಿಲ್ಲ. ಬರೆಯಲು ಮರೆತುಹೋದ ಖರ್ಚು ಪತ್ತೆಹಚ್ಚಲು ಮಾತ್ರ ಅದು ಬಹಳ ಸಹಾಯ. ವಾರಕ್ಕೊಮ್ಮೆ ಪುಸ್ತಕದ ಜೊತೆ ಇಟ್ಟು ನೋಡಿ. ನಗದಿನದ್ದು ಇನ್ನೂ ಕಷ್ಟ, ಅದಕ್ಕೆ ಗುರುತೇ ಇರುವುದಿಲ್ಲ. ಊಟದ ದುಡ್ಡನ್ನು ಬೇರೆ ಪರ್ಸಿನಲ್ಲಿಟ್ಟು, ವಾರದ ಮೊದಲು ಹಾಕಿದ್ದೆಷ್ಟು, ಕೊನೆಗೆ ಉಳಿದದ್ದೆಷ್ಟು ಅಂತ ಎಣಿಸಿ. ಎರಡರ ವ್ಯತ್ಯಾಸವೇ ಖರ್ಚು. ಪುಸ್ತಕದಲ್ಲಿ ಬರೆದದ್ದು ಅದಕ್ಕಿಂತ ಕಡಿಮೆ ಇದ್ದರೆ ಉಳಿದದ್ದನ್ನು ಗೊತ್ತಿಲ್ಲ ಅನ್ನುವ ಸಾಲಿಗೆ ಬರೆಯಿರಿ. ಆ ಸಾಲನ್ನು ಮುಚ್ಚಿಡಬೇಡಿ. ವಾರದಿಂದ ವಾರಕ್ಕೆ ಅದು ಕಡಿಮೆಯಾಗುತ್ತಿದ್ದರೆ ಲೆಕ್ಕ ಹಿಡಿತಕ್ಕೆ ಬರುತ್ತಿದೆ ಅಂತ ಅರ್ಥ.

ಹಂತ 3: ಒಂದು ತಿಂಗಳು ಬರೀ ಬರೆಯಿರಿ, ಏನೂ ಬದಲಾಯಿಸಬೇಡಿ

ಬಜೆಟ್ ಅಂದ ಕೂಡಲೇ ಖರ್ಚು ಕತ್ತರಿಸಬೇಕು ಅಂತ ಕೈ ಚುರುಗುಟ್ಟುತ್ತದೆ. ಸ್ವಲ್ಪ ತಡೆಯಿರಿ. ಮೊದಲ ತಿಂಗಳು ಎಂದಿನಂತೆ ಕೊಳ್ಳಿ, ಎಂದಿನಂತೆ ತಿನ್ನಿ, ಬರೆಯಿರಿ ಅಷ್ಟೇ. ಈಗಿನ ಖರ್ಚು ಗೊತ್ತಿಲ್ಲದೆ ಹಾಕಿದ ಬಜೆಟ್ ಬರೀ ಆಸೆ. ಎರಡನೇ ವಾರದಲ್ಲೇ ಮುರಿದುಬೀಳುತ್ತದೆ.

ಈ ತಿಂಗಳಲ್ಲಿ ಇನ್ನೂ ಒಂದು ವಿಷಯಕ್ಕೆ ಗಮನ ಕೊಡಿ. ಪುಸ್ತಕ ನೋಡಿ ಯಾರನ್ನೂ ಗದರಬೇಡಿ. "ಇದಕ್ಕೆ ಇಷ್ಟು ದುಡ್ಡು ಕೊಟ್ಯಾ?" ಅಂತ ಒಂದು ಸಲ ಕೇಳಿದರೆ ಸಾಕು, ಮುಂದಿನ ಸಲ ಆ ಖರ್ಚು ಪುಸ್ತಕಕ್ಕೆ ಬರುವುದೇ ಇಲ್ಲ. ಮನೆಯ ಹಿರಿಯರು ತಾವು ತಿಂದ ಒಂದು ಹಣ್ಣಿಗೂ ಸಂಕೋಚಪಡುವಂತಾದರೆ ಆ ಲೆಕ್ಕ ಇಟ್ಟು ಏನು ಪ್ರಯೋಜನ? ಎಲ್ಲರೂ ನಿರ್ಭಯವಾಗಿ ಬರೆಯಲಿ. ತಿಂಗಳ ಕೊನೆಗೆ ಒಟ್ಟಿಗೆ ಕೂತು ನೋಡಿದರಾಯಿತು.

ಹಂತ 4: ದಾಸ್ತಾನು ಎಣಿಸಿ

ಈಗ ಮೊದಲ ಲೆಕ್ಕ. ತಿಂಗಳ 1ನೇ ತಾರೀಕಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಏನೇನಿದೆ ಅಂತ ನೋಡಿ. ಪ್ರತಿ ಡಬ್ಬಿಯನ್ನೂ ತೂಗಬೇಕಿಲ್ಲ. ಧಾನ್ಯ, ಬೇಳೆ, ಎಣ್ಣೆ, ಸಕ್ಕರೆ, ಕಾಫಿ-ಚಹಾ ಪುಡಿ, ಫ್ರೀಜರಿನಲ್ಲಿ ಇರುವುದು, ಹೀಗೆ ಬೆಲೆಬಾಳುವ ಎಂಟು-ಹತ್ತು ಸಾಮಾನು ಸಾಕು. ಅರ್ಧ ಡಬ್ಬಿ, ಕಾಲು ಡಬ್ಬಿ ಅಂತ ಕಣ್ಣಂದಾಜಿನಲ್ಲಿ ಬರೆದು, ಕೊಂಡ ಬೆಲೆಗೆ ಲೆಕ್ಕ ಹಾಕಿ. ತಿಂಗಳ ಕೊನೆಯ ರಾತ್ರಿಯೂ ಹೀಗೇ ಮಾಡಿ. ಆಮೇಲೆ:

ಮೊದಲಿದ್ದ ದಾಸ್ತಾನು + ತಿಂಗಳಲ್ಲಿ ಕೊಂಡದ್ದು − ಕೊನೆಗೆ ಉಳಿದ ದಾಸ್ತಾನು = ತಿಂಗಳಲ್ಲಿ ಬಳಸಿದ್ದು

ಒಂದು ಮನೆಯಲ್ಲಿ ತಿಂಗಳ ಮೊದಲು 1,500ರ ದಾಸ್ತಾನು ಇತ್ತು ಅಂದುಕೊಳ್ಳಿ. ಆ ತಿಂಗಳು ಮನೆಯ ಅಡುಗೆಗೆ ಕೊಂಡದ್ದು 10,080. ಕೊನೆಗೆ ಉಳಿದದ್ದು 2,300. ಹಾಗಾದರೆ ಬಳಸಿದ್ದು 9,280. ಬಿಲ್ಲು ಮಾತ್ರ ನೋಡಿದ್ದರೆ ಹತ್ತು ಸಾವಿರ ದಾಟಿತಲ್ಲ ಅಂತ ಗಾಬರಿಯಾಗುತ್ತಿತ್ತು. ಅದರಲ್ಲಿ 800 ಇನ್ನೂ ಡಬ್ಬಿಯಲ್ಲೇ ಇದೆ. ಮುಂದಿನ ತಿಂಗಳು ಅದೇ ದಾಸ್ತಾನನ್ನು ತಿಂದು ಮುಗಿಸಿದಾಗ ಬಿಲ್ಲು ಕಡಿಮೆಯಾಗುತ್ತದೆ. ಆಗ ಏನೋ ಉಳಿತಾಯ ಆಯಿತು ಅಂತ ಸಂತೋಷಪಟ್ಟರೆ ಅದೂ ತಪ್ಪೇ. ರಿಯಾಯಿತಿಯಲ್ಲಿ ದೊಡ್ಡ ಮೂಟೆ ತರುವ ಮನೆಗಳಿಗೆ, ವರ್ಷಕ್ಕೊಮ್ಮೆ ಧಾನ್ಯ ತುಂಬಿಸುವ ಮನೆಗಳಿಗೆ ಈ ಲೆಕ್ಕ ಇಲ್ಲದೆ ನಡೆಯುವುದೇ ಇಲ್ಲ.

ಡಬ್ಬಿ ಎಣಿಸುವುದು ಕಷ್ಟ ಅನ್ನುವವರಿಗೆ ಇನ್ನೊಂದು ದಾರಿ ಇದೆ. ನನಗೆ ಇದೇ ಜಾಸ್ತಿ ಇಷ್ಟ. ಯಾವುದೇ ದೊಡ್ಡ ಪ್ಯಾಕೆಟ್ ಅಥವಾ ಕ್ಯಾನ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ಖಾಲಿಯಾದ ದಿನ ಎಷ್ಟು ದಿನ ಬಂತು ನೋಡಿ. 5 ಲೀಟರ್ ಎಣ್ಣೆ 36 ದಿನ ಬಂದರೆ, 30 ದಿನದ ತಿಂಗಳಿಗೆ ಸುಮಾರು 4.2 ಲೀಟರ್ ಬೇಕು. ಹೀಗೆ ಎರಡು-ಮೂರು ಕ್ಯಾನ್ ಮುಗಿಯುವಷ್ಟರಲ್ಲಿ ನಿಮ್ಮ ಮನೆಯ ಪ್ರಮಾಣ ನಿಖರವಾಗಿ ಗೊತ್ತಾಗುತ್ತದೆ. ಅಂಗಡಿಯಲ್ಲಿ ನಿಂತು ಎಣ್ಣೆ ಇದೆಯಾ, ಮುಗಿದಿದೆಯಾ ಅಂತ ಮನೆಗೆ ಫೋನ್ ಮಾಡುವುದೂ ತಪ್ಪುತ್ತದೆ.

ಹಂತ 5: ತಿಂಗಳಿಗೆ ನಾಲ್ಕೇ ವಾರ ಅಲ್ಲ

ಎರಡನೇ ಲೆಕ್ಕ ಕ್ಯಾಲೆಂಡರಿನದು. ತಿಂಗಳ ಮಿತಿಯನ್ನು ನಾಲ್ಕರಿಂದ ಭಾಗಿಸಿ ವಾರದ ಮಿತಿ ಮಾಡಿಕೊಳ್ಳುವವರು ಬಹಳ. ನಾಲ್ಕು ವಾರ ಅಂದರೆ 28 ದಿನ. ಹನ್ನೆರಡು ತಿಂಗಳಿಗೆ 336 ದಿನ. ವರ್ಷಕ್ಕೆ 365. ಉಳಿದ 29 ದಿನದ ಊಟಕ್ಕೆ ದುಡ್ಡೇ ಇಟ್ಟಿಲ್ಲ ಅಂತಾಯಿತು. ಪ್ರತಿ ತಿಂಗಳ ಕೊನೆಯ ಎರಡು-ಮೂರು ದಿನ ಕೈ ಕಟ್ಟಿದಂತಾಗುವುದಕ್ಕೆ ಎಷ್ಟೋ ಮನೆಗಳಲ್ಲಿ ಇದೇ ಕಾರಣ. ಯಾರೂ ದುಂದುವೆಚ್ಚ ಮಾಡಿರುವುದಿಲ್ಲ.

ಸರಿಯಾದ ಲೆಕ್ಕಕ್ಕೆ ತಿಂಗಳ ಮೊತ್ತವನ್ನು 4.35ರಿಂದ ಭಾಗಿಸಿ. ಇಲ್ಲವೇ ಇನ್ನೂ ಸುಲಭವಾಗಿ, ತಿಂಗಳ ದಿನಗಳಿಂದ ಭಾಗಿಸಿ 7ರಿಂದ ಗುಣಿಸಿ.

ಇದರ ಜೊತೆಗೇ ಬರುವ ಇನ್ನೊಂದು ಸಂಗತಿ. 31 ದಿನದ ತಿಂಗಳಲ್ಲಿ ಮೂರು ವಾರಗಳು ಐದೈದು ಸಲ ಬರುತ್ತವೆ. ಅಂದರೆ ಭಾನುವಾರ, ಸೋಮವಾರ, ಮಂಗಳವಾರ ಹೀಗೆ ಸಾಲಾಗಿ ಮೂರು. 30 ದಿನದ ತಿಂಗಳಲ್ಲಿ ಎರಡು. ನೀವು ಪ್ರತಿ ಶನಿವಾರ ತರಕಾರಿ ತರುವವರಾದರೆ ಐದು ಶನಿವಾರ ಬಂದ ತಿಂಗಳು ತರಕಾರಿ ಬಿಲ್ಲು ಸುಮಾರು ಕಾಲು ಪಾಲು ಜಾಸ್ತಿ ಕಾಣುತ್ತದೆ. ತಿಂದದ್ದು ಅಷ್ಟೇ. ಹಾಗಾಗಿ ಪ್ರತಿ ತಿಂಗಳ ಪುಟದ ಮೇಲ್ಗಡೆ ಎಷ್ಟು ಸಲ ಸಂತೆ ಅಂತ ಒಂದು ಅಂಕಿ ಬರೆದಿಡಿ.

ಹಂತ 6: ಎಷ್ಟು ಜನ, ಎಷ್ಟು ದಿನ ಉಂಡರು?

ಮೂರನೇ ಲೆಕ್ಕ ಇದು. ಬಹಳ ಜನ ಮಾಡದೇ ಬಿಡುವುದೂ ಇದನ್ನೇ. ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ 30 ದಿನ. ಅಂದರೆ 120 ಆಳು-ದಿನ. ಒಬ್ಬರು ಹತ್ತು ದಿನ ಊರಲ್ಲಿರಲಿಲ್ಲ, 110 ಆಯಿತು. ನೆಂಟರು ಇಬ್ಬರು ಬಂದು ಮೂರು ದಿನ ಇದ್ದರು, 6 ಸೇರಿಸಿ. ಒಟ್ಟು 116. ಹಿಂದೆ ನೋಡಿದ ಮನೆಯಲ್ಲಿ ಬಳಸಿದ್ದು 9,280. ಅದನ್ನು 116ರಿಂದ ಭಾಗಿಸಿದರೆ ಒಬ್ಬರ ಒಂದು ದಿನದ ಊಟಕ್ಕೆ 80.

ಈ ಅಂಕಿ ಸಿಕ್ಕಿದ ಮೇಲೆ ಹೋಲಿಕೆ ನಿಜವಾಗಿ ಶುರುವಾಗುತ್ತದೆ. ನೆಂಟರು ಬಂದ ತಿಂಗಳ ಖರ್ಚನ್ನು ಬರದ ತಿಂಗಳ ಜೊತೆ ಹೋಲಿಸಬಹುದು. ಫೆಬ್ರವರಿಯನ್ನು ಮಾರ್ಚ್ ಜೊತೆ ಹೋಲಿಸಬಹುದು. ಒಟ್ಟು ಖರ್ಚು ಏರಿದ್ದರೂ ತಲೆಗೆ ಬೀಳುವ ಖರ್ಚು ಅಷ್ಟೇ ಇದ್ದರೆ ಚಿಂತೆ ಬೇಡ. ಮನೆ ತುಂಬಾ ಜನ ಇದ್ದರು, ಅಷ್ಟೇ.

ಆದರೆ ಈ ಅಂಕಿಯನ್ನು ಪಕ್ಕದ ಮನೆಯ ಅಂಕಿಯ ಜೊತೆ ಹೋಲಿಸಬೇಡಿ. ಜನ ಕಡಿಮೆ ಇದ್ದಷ್ಟೂ ತಲೆಗೆ ಬೀಳುವ ಖರ್ಚು ಏರುತ್ತದೆ. ಸಣ್ಣ ಪ್ಯಾಕೆಟ್ ಕೊಳ್ಳಬೇಕು, ಉಳಿದದ್ದು ಕೆಡುತ್ತದೆ. ಅಮೆರಿಕದ ಕೃಷಿ ಇಲಾಖೆ ಮನೆಗಳ ಆಹಾರ ಖರ್ಚಿನ ಅಂದಾಜು ಹಾಕುವಾಗ ನಾಲ್ಕು ಜನರ ಮನೆಯನ್ನು ಅಳತೆಗೋಲಾಗಿ ಇಟ್ಟುಕೊಂಡಿದೆ. ಒಬ್ಬರೇ ಇರುವ ಮನೆಗೆ ತಲಾ ಶೇ 20 ಜಾಸ್ತಿ, ಇಬ್ಬರಿದ್ದರೆ ಶೇ 10, ಮೂವರಿದ್ದರೆ ಶೇ 5 ಜಾಸ್ತಿ ಸೇರಿಸುತ್ತದೆ. ಐದಾರು ಜನರ ಮನೆಗೆ ಶೇ 5 ಕಳೆಯುತ್ತದೆ, ಏಳು ಅಥವಾ ಅದಕ್ಕಿಂತ ಜಾಸ್ತಿ ಜನರಿದ್ದರೆ ಶೇ 10. ವಯಸ್ಸು, ಮೈಬಗ್ಗಿಸಿ ದುಡಿಯುವ ಕೆಲಸ, ಪಥ್ಯ, ಇವೆಲ್ಲದರ ವ್ಯತ್ಯಾಸ ಬೇರೆ ಇದೆ. ನಿಮ್ಮ ಮನೆಯನ್ನು ನಿಮ್ಮ ಮನೆಯ ಹಿಂದಿನ ತಿಂಗಳ ಜೊತೆ ಹೋಲಿಸಿದರೆ ಸಾಕು.

ಹಂತ 7: ಈಗ ಮಿತಿ ಹಾಕಿ

ಎರಡು-ಮೂರು ತಿಂಗಳ ಲೆಕ್ಕ ಕೈಯಲ್ಲಿದ್ದರೆ ಬಜೆಟ್ ತಾನಾಗಿಯೇ ಅರ್ಧ ಸಿದ್ಧವಾಗಿರುತ್ತದೆ. ಬಳಸಿದ್ದರ ಸರಾಸರಿ ತೆಗೆಯಿರಿ. ಅದೇ ನಿಮ್ಮ ಮೊದಲ ಮಿತಿ. ಕಡಿಮೆ ಮಾಡಲೇಬೇಕು ಅಂತಿದ್ದರೆ ಮೊದಲ ಸಲ ಶೇ 5ರಿಂದ 10ರಷ್ಟು ಮಾತ್ರ ಇಳಿಸಿ. ಒಮ್ಮೆಗೇ ಅರ್ಧ ಮಾಡುತ್ತೇನೆ ಅಂತ ಹೊರಟರೆ ಮೂರನೇ ವಾರಕ್ಕೆ ಎಲ್ಲರಿಗೂ ಸಾಕಾಗಿ ಹೊರಗಿನ ಊಟ ತರಿಸುವಂತಾಗುತ್ತದೆ. ಇಳಿಸಿದ್ದಕ್ಕಿಂತ ಜಾಸ್ತಿ ಅಲ್ಲಿ ಹೋಗುತ್ತದೆ.

ವರಮಾನದಲ್ಲಿ ಶೇಕಡಾ ಇಷ್ಟು ಊಟಕ್ಕೆ ಇಡಬೇಕು ಅಂತ ಹೇಳುವ ಸೂತ್ರಗಳಿವೆ. ನಾನು ಅವನ್ನು ನಂಬುವುದಿಲ್ಲ. ಜರ್ಮನಿಯ ಅಂಕಿಅಂಶ ತಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಕುಟುಂಬಗಳ ಲೆಕ್ಕ ನೋಡಿ ಒಂದು ಮಾತು ತೋರಿಸಿಕೊಟ್ಟಿದ್ದ: ವರಮಾನ ಕಡಿಮೆ ಇದ್ದಷ್ಟೂ ಅದರಲ್ಲಿ ಊಟಕ್ಕೆ ಹೋಗುವ ಪಾಲು ಜಾಸ್ತಿ. ಅದು ಇಂದಿಗೂ ನಿಜ. ಹೊಟ್ಟೆಗೆ ಬೇಕಾದದ್ದು ಎಲ್ಲರಿಗೂ ಹೆಚ್ಚುಕಡಿಮೆ ಅಷ್ಟೇ, ವರಮಾನ ಮಾತ್ರ ಬೇರೆ ಬೇರೆ. ಕಡಿಮೆ ದುಡಿಯುವ ಮನೆಯವರು ದೊಡ್ಡ ಸಂಬಳದವರ ಶೇಕಡಾವಾರು ಹಿಡಿದುಕೊಂಡು ತಾವು ದುಂದು ಮಾಡುತ್ತಿದ್ದೇವೆ ಅಂತ ಕೊರಗುವುದು ಅನ್ಯಾಯ.

ಮಿತಿಯನ್ನು ಒಂದೇ ದೊಡ್ಡ ಮೊತ್ತವಾಗಿ ಇಡಬೇಡಿ. ತಿಂಗಳ ದಿನಸಿ ಮತ್ತು ಹಾಲು ಒಂದು ಕಡೆ. ಇದು ಹೆಚ್ಚು ಬದಲಾಗುವುದಿಲ್ಲ, ಮೊದಲ ವಾರವೇ ಬೇರೆ ತೆಗೆದಿಡಿ. ತರಕಾರಿ, ಹಣ್ಣು, ಮೊಟ್ಟೆ-ಮೀನು-ಮಾಂಸ ಇನ್ನೊಂದು ಕಡೆ, ಇದಕ್ಕೆ ವಾರದ ಮಿತಿ. ಕುರುಕಲು ಮತ್ತು ಹೊರಗಿನ ಊಟ ಮೂರನೆಯದು. ಈ ಮೂರರ ಜೊತೆ ಒಂದು ಸಣ್ಣ ಮೊತ್ತವನ್ನು ಹಬ್ಬ, ನೆಂಟರು, ಹುಟ್ಟುಹಬ್ಬಕ್ಕೆ ಅಂತ ಎತ್ತಿಡಿ. ಹಬ್ಬಗಳು ಇದ್ದಕ್ಕಿದ್ದಂತೆ ಬರುವುದಿಲ್ಲ, ಕ್ಯಾಲೆಂಡರಿನಲ್ಲೇ ಇರುತ್ತವೆ. ವರ್ಷಕ್ಕೆ ಎಷ್ಟಾಗುತ್ತದೆ ಅಂತ ಅಂದಾಜು ಮಾಡಿ, ಹನ್ನೆರಡರಿಂದ ಭಾಗಿಸಿ, ಪ್ರತಿ ತಿಂಗಳೂ ಅಷ್ಟು ಪಕ್ಕಕ್ಕಿಡಿ. ಹಬ್ಬ ಇಲ್ಲದ ತಿಂಗಳೂ ಇಡಬೇಕು.

ವರಮಾನ ಪ್ರತಿ ತಿಂಗಳೂ ಒಂದೇ ಇಲ್ಲದವರು, ದಿನಗೂಲಿಯವರು, ವ್ಯಾಪಾರದವರು, ಬೆಳೆ ಬಂದಾಗ ದುಡ್ಡು ನೋಡುವವರು ಸರಾಸರಿ ವರಮಾನಕ್ಕೆ ಬಜೆಟ್ ಕಟ್ಟಬಾರದು. ಅತಿ ಕಡಿಮೆ ಬಂದ ತಿಂಗಳಿಗೆ ಕಟ್ಟಿ. ಚೆನ್ನಾಗಿ ಬಂದ ತಿಂಗಳು ಕೆಡದ ದಿನಸಿಯನ್ನು ಎರಡು ತಿಂಗಳಿಗಾಗುವಷ್ಟು ತಂದಿಡಿ. ಹಂತ 4ರ ದಾಸ್ತಾನು ಲೆಕ್ಕ ಇದ್ದರೆ ಎಷ್ಟು ತರಬೇಕೆಂದು ಗೊತ್ತೇ ಇರುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಎಳೆಯ ಮಕ್ಕಳು, ಬಸುರಿ-ಬಾಣಂತಿಯರು, ಕಾಯಿಲೆಯವರು ಇರುವ ಮನೆಯಲ್ಲಿ ಅವರ ಊಟಕ್ಕೆ ಕೈ ಹಾಕಿ ಬಜೆಟ್ ಸರಿದೂಗಿಸಬೇಡಿ. ಬೇಳೆ, ಹಾಲು, ಮೊಟ್ಟೆ, ಸೊಪ್ಪು, ಹಣ್ಣು ಕತ್ತರಿಸುವ ಮೊದಲು ಬೇರೆ ಎಲ್ಲ ಸಾಲುಗಳನ್ನೂ ನೋಡಿ. ಮೂರು ತಿಂಗಳ ಲೆಕ್ಕ ಪ್ರಾಮಾಣಿಕವಾಗಿ ಬರೆದ ಮೇಲೂ ಕತ್ತರಿಸಲು ಏನೂ ಕಾಣದಿದ್ದರೆ ತಪ್ಪು ಅಡುಗೆಮನೆಯದ್ದಲ್ಲ. ವರಮಾನ ಸಾಲುತ್ತಿಲ್ಲ ಅಂತ ಅರ್ಥ. ಅದಕ್ಕೆ ಪರಿಹಾರವನ್ನು ಬೇರೆ ಕಡೆ ಹುಡುಕಬೇಕು, ಸರ್ಕಾರದ ಆಹಾರ ನೆರವು ಸಿಗುವಂತಿದ್ದರೆ ಸಂಕೋಚವಿಲ್ಲದೆ ಕೇಳಬೇಕು.

ಹಂತ 8: ದುಡ್ಡು ಎಲ್ಲಿ ಸೋರುತ್ತಿದೆ?

ಉಳಿತಾಯ ಅಂದರೆ ಕಡಿಮೆ ತಿನ್ನುವುದು ಅಂತ ಅಂದುಕೊಳ್ಳಬೇಡಿ. ಮೊದಲು ನೋಡಬೇಕಾದದ್ದು ಕಸದ ಬುಟ್ಟಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಸುಮಾರು ಶೇ 60 ಮನೆಗಳಿಂದಲೇ. ಹೋಟೆಲ್, ಅಂಗಡಿ ಎಲ್ಲ ಸೇರಿದರೂ ಮನೆಗಳಷ್ಟಿಲ್ಲ.

ಪುಸ್ತಕದ ಕೊನೆಯ ಪುಟಗಳನ್ನು ಇದಕ್ಕೇ ಬಿಡಿ. ಏನು ಎಸೆದಿರಿ, ಸುಮಾರು ಎಷ್ಟು, ಯಾಕೆ. ಕಾರಣ ಒಂದೊಂದು ಪದದಲ್ಲಿ ಸಾಕು: ಮರೆತದ್ದು, ಕೆಟ್ಟದ್ದು, ಜಾಸ್ತಿ ಬೇಯಿಸಿದ್ದು, ಯಾರೂ ತಿನ್ನದ್ದು. ಒಂದು ತಿಂಗಳಲ್ಲಿ ನಿಮ್ಮ ಮನೆಯ ಅಭ್ಯಾಸ ಅದರಲ್ಲಿ ಕಾಣಿಸುತ್ತದೆ. ಮರೆತದ್ದೇ ಜಾಸ್ತಿ ಇದ್ದರೆ ಫ್ರಿಜ್ಜಿನಲ್ಲಿ ಒಂದು ತಟ್ಟೆಯನ್ನು ಮೊದಲು ಮುಗಿಸಬೇಕಾದದ್ದಕ್ಕೆ ಮೀಸಲಿಡಿ, ಕಣ್ಣಿಗೆ ಬೀಳುವ ಎತ್ತರದಲ್ಲಿ. ಜಾಸ್ತಿ ಬೇಯಿಸಿದ್ದೇ ಸಮಸ್ಯೆಯಾದರೆ ಒಂದು ಅಳತೆಯ ಲೋಟ ಧಾನ್ಯದ ಡಬ್ಬಿಯಲ್ಲೇ ಇರಲಿ. ಕೆಡುವುದು ಜಾಸ್ತಿ ಇದ್ದರೆ ಫ್ರಿಜ್ಜಿನ ಒಳಗೆ ಒಂದು ಥರ್ಮಾಮೀಟರ್ ಇಟ್ಟು ನೋಡಿ. ಒಳಗಡೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು, ಫ್ರೀಜರಿನಲ್ಲಿ ಮೈನಸ್ 18. ಮಾಡಿದ ಅಡುಗೆ ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ.

ಪ್ಯಾಕೆಟ್ ಮೇಲಿನ ತಾರೀಕು ನೋಡಿಯೇ ಎಸೆಯುವವರಿದ್ದಾರೆ. ಎರಡು ಬಗೆಯ ತಾರೀಕು ಇರುತ್ತದೆ. ಇಂಥ ದಿನದೊಳಗೆ ಬಳಸಿ ಅನ್ನುವುದು ಸುರಕ್ಷತೆಯ ಮಾತು, ಅದನ್ನು ಮೀರಬೇಡಿ. ಇಂಥ ದಿನದವರೆಗೆ ಅತ್ಯುತ್ತಮ ಅನ್ನುವುದು ರುಚಿ ಮತ್ತು ಗುಣಮಟ್ಟದ ಮಾತು. ಆ ದಿನ ದಾಟಿದ ಒಣ ದಿನಸಿಯನ್ನು ನೋಡಿ, ಮೂಸಿ, ಸರಿಯಿದ್ದರೆ ಬಳಸಬಹುದು.

ಇನ್ನು ಕೊಳ್ಳುವಾಗಿನ ಲೆಕ್ಕ. ಪ್ಯಾಕೆಟ್ ಬೆಲೆ ನೋಡಬೇಡಿ, ಕಿಲೋ ಬೆಲೆ ನೋಡಿ. 450 ಗ್ರಾಂ 90ಕ್ಕೆ ಸಿಕ್ಕರೆ ಕಿಲೋಗೆ 200. ಪಕ್ಕದಲ್ಲೇ 500 ಗ್ರಾಂ 95ಕ್ಕೆ ಇದ್ದರೆ ಕಿಲೋಗೆ 190. ಎದುರಿಗೆ ಕಮ್ಮಿ ಕಂಡದ್ದು ನಿಜಕ್ಕೂ ದುಬಾರಿ. ಬೆಲೆ ಹಾಗೇ ಇಟ್ಟು ತೂಕವನ್ನು ಸದ್ದಿಲ್ಲದೆ ಇಳಿಸುವ ರೂಢಿಯೂ ಇದೆ. ಅದಕ್ಕೇ ಪದೇ ಪದೇ ಕೊಳ್ಳುವ ಹತ್ತು-ಹದಿನೈದು ಸಾಮಾನುಗಳ ತೂಕ ಮತ್ತು ಕಿಲೋ ಬೆಲೆಯನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ರಿಯಾಯಿತಿ ಅಂತ ಬೋರ್ಡು ಕಂಡಾಗ ಅದು ನಿಜವಾದ ರಿಯಾಯಿತಿಯೋ ಅಲ್ಲವೋ ಆ ಪುಟ ಹೇಳುತ್ತದೆ.

ಆದರೆ ಕಿಲೋ ಬೆಲೆಯೂ ಪೂರ್ತಿ ಸತ್ಯ ಹೇಳುವುದಿಲ್ಲ. ಸಿಪ್ಪೆ, ಬೀಜ, ಮೂಳೆ ತೆಗೆದ ಮೇಲೆ ಎಷ್ಟು ಉಳಿಯುತ್ತದೆ? ಕಿಲೋಗೆ 70ರ ತರಕಾರಿಯಲ್ಲಿ ಶೇ 30 ಸಿಪ್ಪೆಗೆ ಹೋದರೆ ತಿನ್ನುವ ಭಾಗದ ಬೆಲೆ ಕಿಲೋಗೆ 100. ದೊಡ್ಡ ಪ್ಯಾಕೆಟ್ಟಿನದ್ದೂ ಇದೇ ಕಥೆ. ಸಣ್ಣದರಲ್ಲಿ ಕಿಲೋಗೆ 100, ದೊಡ್ಡದರಲ್ಲಿ 80 ಅಂತ ದೊಡ್ಡದನ್ನು ತಂದು ಮೂರರಲ್ಲಿ ಒಂದು ಪಾಲು ಕೆಡಿಸಿದರೆ ತಿಂದದ್ದು ಕಿಲೋಗೆ 120 ಬಿತ್ತು. ಕೆಡದ ಸಾಮಾನು ದೊಡ್ಡದಾಗಿ ತನ್ನಿ, ಕೆಡುವ ಸಾಮಾನು ಸಣ್ಣದಾಗಿ.

ಹಂತ 9: ಖರ್ಚು ಏರಿದರೆ ಎರಡಾಗಿ ಒಡೆದು ನೋಡಿ

ಎಲ್ಲ ರೇಟೂ ಜಾಸ್ತಿಯಾಗಿದೆ ಅನ್ನುವುದು ಎಲ್ಲ ಮನೆಯಲ್ಲೂ ಕೇಳುವ ಮಾತು. ಕೆಲವು ಸಲ ನಿಜ, ಕೆಲವು ಸಲ ಅರ್ಧ ನಿಜ. ಹೋದ ತಿಂಗಳು ಎಣ್ಣೆ 4 ಲೀಟರ್, ಲೀಟರಿಗೆ 150, ಒಟ್ಟು 600 ಅಂದುಕೊಳ್ಳಿ. ಈ ತಿಂಗಳು 5 ಲೀಟರ್, ಲೀಟರಿಗೆ 160, ಒಟ್ಟು 800. ಏರಿದ್ದು 200. ಅದರಲ್ಲಿ ಬೆಲೆಯಿಂದ ಏರಿದ್ದು ಹಳೆಯ 4 ಲೀಟರಿಗೆ ಹತ್ತರಂತೆ 40 ಮಾತ್ರ. ಉಳಿದ 160 ಒಂದು ಲೀಟರ್ ಜಾಸ್ತಿ ಬಳಸಿದ್ದರಿಂದ ಬಂದದ್ದು. ಬೆಲೆಯಿಂದ ಏರಿದ್ದಕ್ಕೆ ಬೇರೆ ಅಂಗಡಿ, ಬೇರೆ ಸಾಮಾನು ನೋಡಬೇಕು. ಪ್ರಮಾಣದಿಂದ ಏರಿದ್ದಕ್ಕೆ ಮನೆಯೊಳಗೇ ಉತ್ತರ ಇದೆ. ಎಲ್ಲ ಸಾಮಾನಿಗೂ ಹೀಗೆ ಮಾಡಬೇಕಿಲ್ಲ, ಜಾಸ್ತಿ ದುಡ್ಡು ಹೋಗುವ ನಾಲ್ಕೈದಕ್ಕೆ ಮಾಡಿದರೆ ಸಾಕು.

ಹಂತ 10: ವಾರಕ್ಕೊಮ್ಮೆ ಕಾಲು ಗಂಟೆ, ತಿಂಗಳ ಕೊನೆಗೆ ಒಂದು ಗಂಟೆ

ವಾರಕ್ಕೊಮ್ಮೆ ಒಂದು ದಿನ ಗೊತ್ತುಮಾಡಿಕೊಂಡು ಪುಸ್ತಕ, ಬ್ಯಾಂಕಿನ ಸ್ಟೇಟ್‌ಮೆಂಟ್, ಪರ್ಸು ಮೂರನ್ನೂ ಎದುರಿಟ್ಟುಕೊಳ್ಳಿ. ಸಂತೆಗೆ ಹೋಗುವ ಮುಂಚಿನ ದಿನ ಆದರೆ ಒಳ್ಳೆಯದು, ಯಾಕೆಂದರೆ ಫ್ರಿಜ್ಜಿನಲ್ಲಿ ಏನಿದೆ ಅಂತಲೂ ಆಗ ನೋಡಬಹುದು. ಇರುವುದರಿಂದ ಏನು ಮಾಡಬಹುದು ಅಂತ ಮೊದಲು ಯೋಚಿಸಿ, ಆಮೇಲೆ ತರಬೇಕಾದದ್ದನ್ನು ಪಟ್ಟಿ ಮಾಡಿ.

ತಿಂಗಳ ಹತ್ತನೇ ತಾರೀಕಿಗೇ ಅರ್ಧಕ್ಕಿಂತ ಜಾಸ್ತಿ ಖರ್ಚಾಗಿದೆ ಅಂತ ಹೆದರಬೇಡಿ. ದಿನಸಿ ಮೊದಲ ವಾರವೇ ಬರುವುದರಿಂದ ಹಾಗಾಗುತ್ತದೆ. ವಾರದ ಮಿತಿ ದಾಟಿದೆಯಾ ಅಂತ ತರಕಾರಿ-ಹಣ್ಣಿನ ಗುಂಪು ಮತ್ತು ಹೊರಗಿನ ಊಟದಲ್ಲಿ ಮಾತ್ರ ನೋಡಿ. ದಾಟಿದ್ದರೆ ಮುಂದಿನ ವಾರ ಸರಿಹೊಂದಿಸಿ. ಅದೂ ಆಗದಿದ್ದರೆ ಯಾವ ಸಾಲಿನಿಂದ ತೆಗೆದು ತುಂಬಿಸಿದಿರಿ ಅಂತ ಬರೆಯಿರಿ. ಮುಂದಿನ ತಿಂಗಳ ದುಡ್ಡನ್ನು ಸುಮ್ನೆ ಮುಂಗಡವಾಗಿ ಎತ್ತಿಕೊಳ್ಳಬೇಡಿ. ಒಂದೇ ಸಾಲು ಮೂರು ತಿಂಗಳು ಸತತವಾಗಿ ಮಿತಿ ದಾಟಿದರೆ ಆ ಮಿತಿಯೇ ತಪ್ಪಾಗಿದೆ. ಅದನ್ನು ಏರಿಸಿ, ಬೇರೆ ಎಲ್ಲಿಂದಾದರೂ ಇಳಿಸಿ.

ತಿಂಗಳ ಕೊನೆಯ ರಾತ್ರಿ ಐದು ಅಂಕಿ ತೆಗೆದರೆ ಆ ತಿಂಗಳ ಪುಟ ಮುಗಿಯಿತು: ಮನೆಯ ಅಡುಗೆಗೆ ಬಳಸಿದ್ದೆಷ್ಟು, ಹೊರಗಿನ ಊಟಕ್ಕೆ ಎಷ್ಟು, ಎಸೆದದ್ದರ ಅಂದಾಜು ಬೆಲೆ, ಆಳು-ದಿನ, ತಲೆಗೆ ದಿನಕ್ಕೆ ಎಷ್ಟು ಬಿತ್ತು. ಕೆಳಗೆ ಒಂದು ಸಾಲಿನ ಟಿಪ್ಪಣಿ ಇರಲಿ. ನೆಂಟರು ಬಂದಿದ್ದರು, ಮಗುವಿಗೆ ಜ್ವರ ಇತ್ತು, ಐದು ಸಂತೆ ಬಂತು, ಇಂಥದ್ದು. ಮುಂದಿನ ವರ್ಷ ಇದೇ ತಿಂಗಳಿಗೆ ಬಜೆಟ್ ಹಾಕುವಾಗ ಅಂಕಿಗಳಿಗಿಂತ ಆ ಸಾಲೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಉಳಿದ ದಾಸ್ತಾನಿನ ಮೊತ್ತವನ್ನು ಹೊಸ ಪುಟದ ಮೊದಲ ಸಾಲಿಗೆ ಬರೆದುಕೊಳ್ಳಿ, 1ನೇ ತಾರೀಕಿನ ಬೆಳಿಗ್ಗೆ ಮತ್ತೆ ಎಣಿಸುವ ಕೆಲಸ ಇರುವುದಿಲ್ಲ.